ಕತ್ತಲಲ್ಲಿಟ್ಟ ಬೆಳ್ಳಿ ನೀರು

ಉಚ್ಚಂಗಿದುರ್ಗದ ಬಳಿಯ ಅರಸೀಕೆರೆಯ ಕುರಿ ಔಷಧಿ ದಾಸ್ತಾನು ಕೇಂದ್ರದಲ್ಲಿ ಹುಣ್ಣಿಗೆ ಹಾಕುವ ಕೊಲಾಯ್ಡಲ್ ಸಿಲ್ವರಿನ ಒಂದು ಸೀಸೆ ಇದ್ದು, ಅದು ಸುರಕ್ಷಿತವಾಗಿದೆಯೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿತ್ತು. ಊರವರ ಬಾಯಲ್ಲಿ ಅದು ಬೆಳ್ಳಿ ನೀರು.

ಸೀಸೆಯ ಜೊತೆ ಬಂದ ಚೀಟಿಯಲ್ಲಿ ಮೂರೇ ಮಾತು. ಬೆಳಕು ತಾಗಿದರೆ ಕೆಡುತ್ತದೆ. ಫ್ರಿಜ್ಜಿನಲ್ಲಿ ಇಡಬಾರದು. ಮುಚ್ಚಳ ತೆಗೆಯದಿದ್ದರೆ ಎರಡು ವರ್ಷ ಬಾಳುತ್ತದೆ, ತೆಗೆದರೆ ಆರೇ ತಿಂಗಳು. ಅಧಿಕಾರಿ ಸೋಮಶೇಖರ್ ಮೂರನ್ನೂ ಚಾಚೂ ತಪ್ಪದೆ ಪಾಲಿಸಿದರು. ಕಿಟಕಿಗಳಿಗೆ ತಗಡು ಹೊಡೆಸಿ, ಬಲ್ಬು ಬಿಚ್ಚಿಸಿ, ಕೋಣೆಯೊಳಗೆ ಮೊಬೈಲು, ಬೆಂಕಿಪೊಟ್ಟಣ ನಿಷೇಧಿಸಿದರು. ಕಚೇರಿಯ ಫ್ರಿಜ್ಜನ್ನು ತಮ್ಮ ಮನೆಗೆ ಸಾಗಿಸಿ ಸೀಸೆಯನ್ನು ಅಪಾಯದಿಂದ ಪಾರುಮಾಡಿದರು. ಮುಚ್ಚಳವನ್ನಂತೂ ಯಾರೂ ಮುಟ್ಟಲಿಲ್ಲ.

ಇಂಥ ಕಚೇರಿಗೆ ಉಚ್ಚಂಗಿದುರ್ಗದ ಗಾದೆಮ್ಮ ಟಂಟಂ ಹತ್ತಿ ಟಗರು ತಂದಳು. ಅದರ ಮುಂಗಾಲಿನ ಗೊರಸು ಹುಣ್ಣಾಗಿತ್ತು. ಸೋಮವಾರ ಮಂದೆ ಮೇವಿಗಾಗಿ ದೂರ ಹೊರಡುವುದಿತ್ತು; ನಡೆಯಲಾರದ್ದನ್ನು ಕಟುಕರಿಗೆ ಕೊಟ್ಟು ಹೋಗುವುದು ಮಂದೆಯವರ ರೂಢಿ.

"ಎರಡು ಹನಿ ಹಾಕ್ರಿ ಯಪ್ಪಾ," ಎಂದಳು.

"ಹೊರಗ ತಂದ್ರ ಔಷಧಿ ಕೆಡತೈತಿ ಯವ್ವಾ," ಎಂದ ದಾಸ್ತಾನು ಗುಮಾಸ್ತ ಏಕಾಂತಪ್ಪ.

"ಒಳಗಿಟ್ರ ನನ್ನ ಟಗರು ಕೆಡತೈತಲ್ರೀ!"

"ಟಗರು ನಮ್ಮ ದಾಸ್ತಾನಿನಾಗ ಬರಂಗಿಲ್ಲ."

ಸೋಮಶೇಖರ್ ಯೋಚಿಸಿ ಆದೇಶ ಹೊರಡಿಸಿದರು: ಸೀಸೆ ಹೊರಬರತಕ್ಕದ್ದಲ್ಲ, ರೋಗಿಯೇ ಒಳಹೋಗತಕ್ಕದ್ದು. ಗಾದೆಮ್ಮ ಟಗರಿನೊಂದಿಗೆ ಏಕಾಂತಪ್ಪನ ಹಿಂದೆ ಒಳನಡೆದಳು. ಮೇಲ್ವಿಚಾರಣೆಗೆಂದು ಸಾಹೇಬರೂ ಒಳಹೊಕ್ಕು ಬಾಗಿಲು ಹಾಕಿಸಿದರು. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ಏಕಾಂತಪ್ಪ ನೆಲ ತಡಕಿ, ಸಿಕ್ಕ ಕಾಲು ಹಿಡಿದು ಹನಿ ಸುರಿದ.

"ಅಲುಗಾಡಬ್ಯಾಡಲೇ! ... ಭಾಳ ಸಂಭಾವಿತ ಟಗರು ಯವ್ವಾ ನಿಂದು."

"ನನ್ನ ಟಗರು ಇಲ್ಲಿ ನನ್ನ ತೊಡಿಮ್ಯಾಲೈತಿ. ನೀವ್ ಯಾರ ಕಾಲು ಹಿಡದೀರಿ?"

ಹೊರಗೆ ಬಂದಾಗ ಸಾಹೇಬರ ಬಲಗಾಲಿನ ಹೆಬ್ಬೆಟ್ಟು ಒದ್ದೆಯಾಗಿತ್ತು. ಔಷಧಿ ಪೋಲಾಯಿತೆಂದು ಬರೆದರೆ ವಿಚಾರಣೆ ಬರುತ್ತದೆ. ಸೋಮಶೇಖರ್ ಬಾಗಿಲಿನಿಂದ ಮೇಜಿನವರೆಗೆ ನಡೆದು ತೋರಿಸಿದರು, ಏಕಾಂತಪ್ಪ ಅದನ್ನು ಕಣ್ಣಾರೆ ಕಂಡು ಬರೆದ: "ಟಗರಿನ ಚಿಕಿತ್ಸೆ ಮುಗಿದಿದೆ. ಔಷಧಿ ಹಾಕಿದ ಕಾಲು ಸಲೀಸಾಗಿ ನಡೆಯುತ್ತಿದೆ." ಒಂದಕ್ಷರ ಸುಳ್ಳಿಲ್ಲ ನೋಡಿ. ಮೊಹರು ಬಿತ್ತು, ಕಾಗದ ಗಾದೆಮ್ಮನ ಕೈಗೆ ಬಂತು.

"ಹಂಗಾರ ಈಗ ಇದಕ್ಕೂ ಎರಡು ಹನಿ..."

"ಗುಣ ಆದದ್ದಕ್ಕ ಮತ್ತ ಔಷಧಿ ಕೊಡಾಕ ಬರಂಗಿಲ್ಲಮ್ಮಾ. ನಿಯಮ ಐತಿ," ಎಂದ ಏಕಾಂತಪ್ಪ.

ಗಾದೆಮ್ಮ ಬೇರೆ ದಾರಿ ಕಾಣದೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸೋಮವಾರ ಕಟುಕ ಬಂದು ಹಗ್ಗಕ್ಕೆ ಕೈಹಾಕಿದ. ಅವಳು ಕಾಗದ ಬಿಚ್ಚಿದಳು. ಮಂದೆಯ ಹಿರಿಯ ಅಜ್ಜಯ್ಯ ಅದನ್ನು ಒಬ್ಬ ಓದುಬಲ್ಲವನಿಂದ ಎರಡು ಸಲ ಓದಿಸಿ, ಮೊಹರನ್ನು ಬಿಸಿಲಿಗೆ ಹಿಡಿದು ನೋಡಿದ. ಟಗರು ಮೂರು ಕಾಲಲ್ಲಿ ನಿಂತು ಅವನನ್ನೇ ನೋಡುತ್ತಿತ್ತು.

"ಸರ್ಕಾರನೇ ಗುಣ ಆಗೈತಿ ಅಂದಮ್ಯಾಲೆ ಕೊಯ್ಯಾಕ ಹೆಂಗ ಕೊಡಾದು? ಕುದುರಿ ಮ್ಯಾಲೆ ಹೇರ್ರಿ."

ಕಟುಕನೂ ಕಾಗದ ನೋಡಿ ತಲೆಯಾಡಿಸಿ ಹೋದ. ದಾರಿಯುದ್ದಕ್ಕೂ ಜನ ಕುದುರೆಯ ಮೇಲಿನ ಟಗರನ್ನು ಕಂಡು ಏನಾಗೈತಿ ಎಂದು ಕೇಳಿದರು. ಮಂದೆಯವರೆಲ್ಲ ಒಂದೇ ಮಾತು ಹೇಳಿದರು:

"ಗುಣ ಆಗೈತ್ರಿ. ನಡೆಯಾದೊಂದು ಬಾಕಿ ಐತಿ."