ಲೆಕ್ಕಕ್ಕೆ ಇಟ್ಟ ಹನ್ನೆರಡನೇ ಟೀಮು

ಹನ್ನೊಂದು ಜನ ಸಿಕ್ಕಿದ್ದರು, ಹನ್ನೆರಡನೆಯವರು ಸಿಗಲಿಲ್ಲ. ತನ್ನ ಸಕಲ ಸಂಕಟಗಳಿಗೂ ಇದೇ ಮೂಲವೆಂದು ಡಲ್ಲಾಸ್ ಪಕ್ಕದ ಮೆಕಿನ್ನಿಯ ಸುಧೀಂದ್ರ ಇವತ್ತಿಗೂ ಹೇಳುತ್ತಾನೆ. (ಮೂಲ ಅವನ ಬುದ್ಧಿಯೇ ಎಂದು ಅವನ ಹೆಂಡತಿ ಹೇಳುತ್ತಾಳೆ. ಇಬ್ಬರದನ್ನೂ ಕೇಳಿ ನೀವೇ ತೀರ್ಮಾನಿಸಿ.)

ವಿಷಯ ಇಷ್ಟು. ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರೂ ಊರುಗಳ ಕನ್ನಡಿಗರನ್ನು ಒಂದುಗೂಡಿಸುವ ಪುಣ್ಯಕಾರ್ಯಕ್ಕೆ ಸುಧೀಂದ್ರ ಕೈಹಾಕಿದ್ದ, ಅದೂ ಫುಟ್‌ಬಾಲಿನ ಮೂಲಕ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲು. ಹಾಗೆಂದು ಇವರ್ಯಾರೂ ಮೈದಾನಕ್ಕೆ ಇಳಿಯುವುದಿಲ್ಲ. ಫ್ಯಾಂಟಸಿ ಲೀಗ್ ಎಂದರೆ ಟಿವಿಯಲ್ಲಿ ಆಡುವ ನಿಜವಾದ ಆಟಗಾರರನ್ನು ಸರದಿಯ ಪ್ರಕಾರ ಹಂಚಿಕೊಂಡು, ಸೋಫಾದ ಮೇಲೆ ಕೂತು ಟೀಮು ಕಟ್ಟುವುದು. ಅವರು ಓಡಿದರೆ ಇವರಿಗೆ ಪಾಯಿಂಟು, ಅವರು ಬಿದ್ದರೆ ಇವರಿಗೆ ಎದೆನೋವು. ಮಾಮೂಲಿ ಲೀಗಿನಲ್ಲಿ ವರ್ಷಕ್ಕೊಮ್ಮೆ ಹೊಸ ಹಂಚಿಕೆ. ಸುಧೀಂದ್ರನದು ಡೈನಾಸ್ಟಿ ಲೀಗ್. ಇಲ್ಲಿ ಒಮ್ಮೆ ಆರಿಸಿಕೊಂಡ ಆಟಗಾರ ನಿವೃತ್ತಿಯಾಗುವವರೆಗೂ ನಿಮ್ಮವನೇ; ಆಮೇಲೆ ವರ್ಷಕ್ಕೊಮ್ಮೆ ಆರಿಸುವುದು ಹೊಸದಾಗಿ ಬರುವ ಹುಡುಗರನ್ನಷ್ಟೇ.

"ಮೊದಲ ದಿನ ಆರಿಸೋವಾಗ ಎಡವಿದ್ರೆ ಜೀವನಪೂರ್ತಿ ಅನುಭವಿಸಬೇಕು, ವಿದ್ಯಾ!" ಎಂದು ಅವನು ವಿವರಿಸಿದಾಗ ಹೆಂಡತಿ ಶ್ರೀವಿದ್ಯಾ, "ಗೊತ್ತು" ಎಂದಷ್ಟೇ ಹೇಳಿ ಚಪಾತಿ ತಿರುವಿ ಹಾಕಿದ್ದಳು.

ಲೀಗಿನ ಕಮಿಷನರ್ ಸ್ವತಃ ಸುಧೀಂದ್ರನೇ. ಹದಿನಾರು ಪುಟಗಳ ಸಂವಿಧಾನವನ್ನೂ ಅವನೇ ರಚಿಸಿದ್ದ. ಅದರ ಹದಿನಾಲ್ಕನೇ ಕಲಮಿನ ಬಗ್ಗೆ ಅವನಿಗೆ ವಿಶೇಷ ಅಭಿಮಾನ. ಆಟದ ಹೊರಗಿನ ಯಾವುದೇ ವಸ್ತು, ಊಟ, ಸೇವೆ, ಉಪಕಾರಗಳ ಆಮಿಷ ಒಡ್ಡಿ ಆಟಗಾರನನ್ನು ಕೇಳತಕ್ಕದ್ದಲ್ಲ. ಕೇಳಿದವನ ಮುಂದಿನ ವರ್ಷದ ಮೊದಲ ಆಯ್ಕೆಯ ಹಕ್ಕು ಎದುರಿನವರ ಪಾಲಾಗತಕ್ಕದ್ದು. ಹೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಸಂಗನಬಸಪ್ಪನವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತೋರಿಸಿ ಇಡೀ ಲೀಗನ್ನೇ ಕೊಂಡುಬಿಟ್ಟಾರೆಂಬ ಭಯದಿಂದ ಹುಟ್ಟಿದ ಕಲಮು ಅದು. ಸಂವಿಧಾನವನ್ನು ವಾಟ್ಸಾಪ್ ಗುಂಪಿಗೆ ಕಳಿಸಿದ ಮೂರನೇ ನಿಮಿಷಕ್ಕೆ ಎಲ್ಲರೂ ಹೆಬ್ಬೆರಳು ಎತ್ತಿ ಒಪ್ಪಿಗೆ ಕೊಟ್ಟರು. ಓದಿದವರು ಯಾರೂ ಇಲ್ಲ, ಶ್ರೀವಿದ್ಯಾಳ ಹೊರತು. ಪ್ಲೇನೋದ ಆಫೀಸಿನಲ್ಲಿ ಕಂಪನಿಯ ಒಪ್ಪಂದಗಳನ್ನು ಸಾಲು ಸಾಲಾಗಿ ಜಾಲಾಡುವುದೇ ಅವಳ ಕೆಲಸ. ಹಾಗಾಗಿ ಭಾಷೆ ತಿದ್ದಿಕೊಡೆಂದು ಅವನೇ ಅವಳ ಮುಂದಿಟ್ಟಿದ್ದ.

ಇಷ್ಟೆಲ್ಲ ಆದರೂ ಟೀಮುಗಳು ಹನ್ನೊಂದೇ. ಆಗ ಸುಧೀಂದ್ರನಿಗೆ ಮನೆತನದ ಸಂಪ್ರದಾಯ ನೆನಪಾಯಿತು. ಅವನ ಅಪ್ಪ ಮೈಸೂರಿನ ಕುವೆಂಪುನಗರದ ಸೈಟನ್ನು ಅಮ್ಮನ ಹೆಸರಿನಲ್ಲಿ ಮಾಡಿಸಿದ್ದರು. ಅದರ ಮೇಲೆ ಏನು ಕಟ್ಟಬೇಕೆಂದು ಮಾತ್ರ ಅಮ್ಮನನ್ನು ಯಾರೂ ಕೇಳಿರಲಿಲ್ಲ.

"ಹನ್ನೆರಡನೇ ಟೀಮು ನಿನ್ನ ಹೆಸರಲ್ಲಿ ಹಾಕಿದೀನಿ" ಎಂದ.

"ನಾನೇನು ಮಾಡ್ಬೇಕು?"

"ಏನೂ ಬೇಡ. ನೀನು ಸುಮ್ನೆ ಲೆಕ್ಕಕ್ಕೆ."

ಶ್ರೀವಿದ್ಯಾ ಅವನನ್ನು ಎರಡು ಕ್ಷಣ ನೋಡಿದಳು. "ಟೀಮಿಗೆ ಹೆಸರೇನು?"

ತನ್ನ ಟೀಮಿಗೆ ವಾರಗಟ್ಟಲೆ ಯೋಚಿಸಿ 'ಮೆಕಿನ್ನಿ ಕದಂಬರು' ಎಂದು ನಾಮಕರಣ ಮಾಡಿದ್ದ ಸುಧೀಂದ್ರ, "ಟೀಮ್ ಟ್ವೆಲ್ವ್ ಅಂತಿದೆ. ಅದೇ ಇರ್ಲಿ ಬಿಡು" ಎಂದ.

ಅವನ ನಿಜವಾದ ಮಹಾತಂತ್ರ ಹೊಳೆದದ್ದು ಚೀಟಿ ಎತ್ತಿದಾಗ. ಮಗಳು ಸಿಯಾ ಎತ್ತಿದ ಚೀಟಿಗಳ ಪ್ರಕಾರ ಐದನೇ ಸರದಿ ಶ್ರೀವಿದ್ಯಾಳದು, ಆರನೆಯದು ಅವನದೇ. ಸುಧೀಂದ್ರ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದ. ಏಕೆಂದರೆ ಅವನ ಕಣ್ಣು ಮಾರ್ಕೆಲ್ ಥಿಗ್‌ಪೆನ್ ಎಂಬ ಇಪ್ಪತ್ತೊಂದರ ಹುಡುಗನ ಮೇಲಿತ್ತು. ಸಣ್ಣ ಕಾಲೇಜಿನಿಂದ ಬಂದವನು, ಹೆಸರು ಇನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲ, ಚೆಂಡು ಸಿಕ್ಕಿದರೆ ಬಿಟ್ಟ ಬಾಣ. ಹತ್ತು ವರ್ಷಕ್ಕೆ ಮೋಸವಿಲ್ಲ. ಆರು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಮಾರ್ಕೆಲ್‌ನ ಪುರಾಣವೇ. ಅವನ ಪಾದದ ಗಾಯ ವಾಸಿಯಾದದ್ದು, ಅವನ ತೂಕ, ಅವನ ತಾಯಿ ಶಾಲೆಯ ಬಸ್ಸು ಓಡಿಸಿ ಅವನನ್ನು ಸಾಕಿದ್ದು, ಎಲ್ಲವೂ ಹುಳಿ ಅನ್ನದ ಜೊತೆ ಬಡಿಸಲ್ಪಡುತ್ತಿತ್ತು. ಶ್ರೀವಿದ್ಯಾ ಐದನೇ ಸರದಿಯಲ್ಲಿ ಮೂವತ್ತೆಂಟು ದಾಟಿದ, ಎರಡೂ ಮಂಡಿ ಆಪರೇಷನ್ ಆದ ಹ್ಯಾಂಕ್ ಡೆಲೂಕಾನನ್ನು ಆರಿಸುವುದು, ಆರನೆಯದರಲ್ಲಿ ಮಾರ್ಕೆಲ್ ಕದಂಬರ ಮಡಿಲಿಗೆ ಬೀಳುವುದು. ಇದೇ ಆ ತಂತ್ರ. ಹ್ಯಾಂಕನ ಹೆಸರನ್ನು ಹಳದಿ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಹೆಂಡತಿಯ ಪರ್ಸಿನಲ್ಲಿ ತಾನೇ ಇಟ್ಟ.

ಆಗಸ್ಟಿನ ಒಂದು ಶನಿವಾರ ಆಸ್ಟಿನ್‌ನ ದುಷ್ಯಂತನ ಮನೆಯಲ್ಲಿ ಎಲ್ಲರೂ ಸೇರಿದರು. ಡಲ್ಲಾಸಿಗೂ ಹೂಸ್ಟನ್ನಿಗೂ ಹೆಚ್ಚುಕಡಿಮೆ ಸಮದೂರವೆಂದು ಆ ಊರನ್ನು ಆರಿಸಿದ್ದರಿಂದ ಎಲ್ಲರಿಗೂ ಸಮಾನವಾಗಿ ತೊಂದರೆಯಾಗಿತ್ತು. ಹೊರಗೆ ನೂರಾಮೂರು ಡಿಗ್ರಿ ಬಿಸಿಲು, ಒಳಗೆ ಬಿಸಿಬೇಳೆ ಬಾತು. ಸುಧೀಂದ್ರ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಸಂವಿಧಾನದ ಪ್ರತಿಯನ್ನು ಎದೆಗೊತ್ತಿ ನಿಂತಿದ್ದ. ಒಬ್ಬೊಬ್ಬರಿಗೆ ತೊಂಬತ್ತು ಸೆಕೆಂಡ್.

ಮೊದಲ ನಾಲ್ವರು ಆರಿಸಿದರು. ಯಾರೂ ಮಾರ್ಕೆಲ್‌ನ ತಂಟೆಗೆ ಹೋಗಲಿಲ್ಲ. ಸುಧೀಂದ್ರನಿಗೆ ಒಳಗೊಳಗೇ ಪಾಯಸ ಕುಡಿದಷ್ಟು ಖುಷಿ.

"ಐದನೇ ಸರದಿ, ಟೀಮ್ ಟ್ವೆಲ್ವ್. ಶ್ರೀವಿದ್ಯಾ ಅವರು" ಎಂದು ಘೋಷಿಸಿದ, ಕಮಿಷನರಿಗೆ ತಕ್ಕ ನಿಷ್ಪಕ್ಷಪಾತದಿಂದ.

ಶ್ರೀವಿದ್ಯಾ ಪರ್ಸ್ ತೆರೆದು ಹಳದಿ ಚೀಟಿ ತೆಗೆದು ಓದಿದಳು. ಅದರಲ್ಲಿ ಬಾಯೊರೆಸಿಕೊಂಡಳು. ಮಡಿಸಿ ಒಳಗಿಟ್ಟಳು.

"ಮಾರ್ಕೆಲ್ ಥಿಗ್‌ಪೆನ್" ಎಂದಳು.

ಊದಲು ಸಿದ್ಧವಾಗಿ ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದರಿಂದ ಸುಧೀಂದ್ರನ ಆರ್ತನಾದ ಸೀಟಿಯಾಗಿ ಹೊರಬಂತು. ಎಲ್ಲರೂ ಅದು ಆಯ್ಕೆ ಊರ್ಜಿತವಾದ ಗುರುತೆಂದು ಚಪ್ಪಾಳೆ ತಟ್ಟಿದರು.

"ಅಲ್ಲ... ಹ್ಯಾಂಕ್... ಇನ್ನೊಂದ್ಸಲ ಯೋಚ್ನೆ..." ಎಂದು ತೊದಲಿದ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಹೇಳಿದರೆ ಹೆಂಡತಿಯ ಟೀಮನ್ನು ಗಂಡ ಆಡಿಸುತ್ತಿದ್ದ ಎಂಬ ಗುಟ್ಟು ಹತ್ತು ಜನರ ಮುಂದೆ ರಟ್ಟಾಗುತ್ತಿತ್ತು.

"ಏನ್ರಿ ಕಮಿಷನರ್ ಸಾಹೇಬ್ರ, ಮಾರಿ ಯಾಕ ಸಪ್ಪಗಾತು?" ಎಂದರು ಸಂಗನಬಸಪ್ಪನವರು. "ತಂಗ್ಯಾರು ಭಾರಿ ಹುಡುಗನ್ನ ಹಿಡದಾರ ನೋಡ್ರಿ. ನನ್ನ ಕಣ್ಣೂ ಅವನ ಮ್ಯಾಲೇ ಇತ್ರಿ, ಏಳನೇದಕ್ಕ ಹಿಡೀಬೇಕಂತ ಕುಂತಿದ್ದೆ."

ಆರನೇ ಸರದಿಯ ತೊಂಬತ್ತು ಸೆಕೆಂಡ್ ಓಡುತ್ತಿತ್ತು. ತಲೆ ಕೆಟ್ಟಿದ್ದ ಸುಧೀಂದ್ರನ ಬಾಯಲ್ಲಿ ಒಂದೇ ಹೆಸರು ಸುತ್ತುತ್ತಿತ್ತು, ಅದೇ ಹೊರಬಿತ್ತು: "ಹ್ಯಾಂಕ್ ಡೆಲೂಕಾ." ದುಷ್ಯಂತ ಎದ್ದುಬಂದು ಅವನಿಗೆ ಮಜ್ಜಿಗೆ ಕೊಟ್ಟ.

ಸಂಜೆ ಕಾರಿನಲ್ಲಿ ವಾಪಸು ಹೊರಟು ಅರ್ಧ ಗಂಟೆಯಾಗಿತ್ತು. ಹಿಂದಿನ ಸೀಟಿನಲ್ಲಿ ಸಿಯಾ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು.

"ಯಾಕೆ ಹೀಗ್ಮಾಡ್ದೆ?" ಸುಧೀಂದ್ರ ಕೇಳಿದ.

"ಆರು ತಿಂಗಳಿಂದ ನೀವೇ ಹೇಳಿದ್ದಲ್ವಾ, ಆ ಹುಡುಗ ಬಂಗಾರ ಅಂತ? ಒಬ್ರಾದ್ರೂ ಕೇಳಿಸ್ಕೊಂಡ್ರಲ್ಲ ಅಂತ ಸಂತೋಷಪಡಿ." ಮತ್ತೆ ಹೇಳಿದಳು. "ಲೆಕ್ಕಕ್ಕೆ ಅಂದ್ರಲ್ಲ ರೀ, ಅದು ನಂಗೆ ಚುಚ್ಚಿತು. ನಿಮ್ಮ ಆ ಹದಿನಾರು ಪುಟ ಕೂತು ಓದಿದವಳು ನಾನೊಬ್ಬಳೇ. ನನ್ನ ಟೀಮಿಗೆ ಒಂದು ಹೆಸರು ಇಡೋಷ್ಟೂ ನಿಮಗೆ ಪುರುಸೊತ್ತಿರಲಿಲ್ಲ."

ಸುಧೀಂದ್ರನಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. "ತಪ್ಪಾಯ್ತು ವಿದ್ಯಾ" ಎಂದು ಮನಸಾರೆ ಹೇಳಿದ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಸುಖಾಂತವಾಗುತ್ತಿತ್ತು. ಆದರೆ ಹತ್ತು ಮೈಲಿ ಹೋಗುವಷ್ಟರಲ್ಲಿ ನಾಚಿಕೆ ಇಳಿದು ಮಾರ್ಕೆಲ್ ಮತ್ತೆ ತಲೆಗೇರಿದ.

"ಹೋಗ್ಲಿ, ಅವನನ್ನ ನಂಗೆ ಕೊಟ್ಬಿಡು. ಒಂದು ವರ್ಷ ಮನೆ ಪಾತ್ರೆ ಎಲ್ಲಾ ನಾನೇ ತೊಳೀತೀನಿ."

"ಬಾಯಿ ಮಾತಲ್ಲಿ ಹೇಳಿದ್ದಕ್ಕೆಲ್ಲ ನಮ್ಮ ಆಫೀಸಲ್ಲಿ ಬೆಲೆ ಇಲ್ಲ" ಎಂದಳು ಶ್ರೀವಿದ್ಯಾ ಕಿಟಕಿಯ ಹೊರಗೆ ನೋಡುತ್ತ. "ಬರೆದು ಕೊಡಿ, ನೋಡೋಣ."

ಸುಧೀಂದ್ರ ಹಿಗ್ಗಿಹೋದ. ವೇಕೋ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದಾಗ, ಅಮ್ಮ ಮಗಳು ಒಳಗೆ ಹೋದ ಸಮಯ ನೋಡಿ, ಪಂಪಿನ ಪಕ್ಕದಲ್ಲೇ ನಿಂತು ಹೆಂಡತಿಗೆ ಸಂದೇಶ ಕುಟ್ಟಿ ಕಳಿಸಿದ: 'ಮಾರ್ಕೆಲ್‌ನನ್ನು ನನ್ನ ಟೀಮಿಗೆ ಕೊಟ್ಟಲ್ಲಿ ಮನೆಯ ಸಮಸ್ತ ಪಾತ್ರೆಗಳನ್ನು, ಕುಕ್ಕರ್ ಸಹಿತ, ನಾನೇ ತೊಳೆಯುತ್ತೇನೆ. ಇಂತಿ ಸುಧೀಂದ್ರ.' ಆತುರದಲ್ಲಿ 'ಒಂದು ವರ್ಷ' ಎಂಬ ಮಾತು ಬಿಟ್ಟುಹೋದದ್ದು ಅವನ ಗಮನಕ್ಕೆ ಬರಲಿಲ್ಲ.

ಮತ್ತೆ ಹೆದ್ದಾರಿ ಹಿಡಿದು ಇಪ್ಪತ್ತು ನಿಮಿಷವಾಗಿತ್ತು. ಫೋನು ಒಂದೇ ಸಮ ಟಿಂಗ್‌ಗುಟ್ಟತೊಡಗಿತು. ಡ್ರೈವ್ ಮಾಡುತ್ತಿದ್ದ ಸುಧೀಂದ್ರ, "ಸಿಯಾ, ಏನು ನೋಡಮ್ಮ" ಎಂದ.

ಸಿಯಾ ಹೆಡ್‌ಫೋನ್ ಕೆಳಗಿಳಿಸಿ ಓದಿದಳು. "ಡ್ಯಾಡ್, ಅಮ್ಮ ನಿನ್ ಮೇಲೆ ಕಂಪ್ಲೇಂಟ್ ಕೊಟ್ಟಿದಾಳೆ."

"ಯಾರಿಗೆ?"

"ಟು ಯೂ."

ಗುಂಪಿನಲ್ಲಿ ಅವನ ಸಂದೇಶದ ಚಿತ್ರ, ಅದರ ಕೆಳಗೆ ಶ್ರೀವಿದ್ಯಾಳ ಒಕ್ಕಣೆ: 'ಮಾನ್ಯ ಕಮಿಷನರ್ ಅವರಿಗೆ. ಮೆಕಿನ್ನಿ ಕದಂಬರ ಮಾಲೀಕರು ಸೇವೆಯ ಆಮಿಷ ಒಡ್ಡಿ ನನ್ನ ಆಟಗಾರನನ್ನು ಕೇಳಿದ್ದಾರೆ. ಹದಿನಾಲ್ಕನೇ ಕಲಮಿನಂತೆ ಕ್ರಮ ಜರುಗಿಸಬೇಕಾಗಿ ವಿನಂತಿ.' ಅದರ ಕೆಳಗೆ ಹತ್ತು ಜನರ ಹೆಬ್ಬೆರಳು. ಸಂಗನಬಸಪ್ಪನವರು ಧ್ವನಿಸಂದೇಶವನ್ನೇ ಕಳಿಸಿದ್ದರು: "ಸಾಹೇಬ್ರ, ನೀವು ಬರ್ದಿದ್ದ ಕಾನೂನು ಭಾಳ ಚಲೋ ಐತ್ರಿ. ಲಗೂನ ತೀರ್ಪು ಕೊಡ್ರಲ್ಲ!"

ಮೆಕಿನ್ನಿ ತಲುಪಿ, ಗ್ಯಾರೇಜಿನಲ್ಲೇ ಕೂತು, ಕಮಿಷನರ್ ಸುಧೀಂದ್ರ ಕದಂಬರ ಸುಧೀಂದ್ರನಿಗೆ ಶಿಕ್ಷೆ ವಿಧಿಸಿದ. ಮುಂದಿನ ವರ್ಷದ ಮೊದಲ ಆಯ್ಕೆಯ ಹಕ್ಕೂ ಟೀಮ್ ಟ್ವೆಲ್ವ್ ಪಾಲಾಯಿತು. ಅಷ್ಟರಲ್ಲಿ ಆ ಟೀಮಿಗೆ ಅದರ ಮಾಲೀಕಳೇ ಹೆಸರಿಟ್ಟಾಗಿತ್ತು: 'ಲೆಕ್ಕಕ್ಕೆ ಮಾತ್ರ'.

"ಸದ್ಯ, ಪಾತ್ರೆ ತಪ್ಪಿತು" ಎಂದು ಅವನು ಸಮಾಧಾನದ ನಿಟ್ಟುಸಿರು ಬಿಟ್ಟ.

"ಅದ್ಯಾಕೆ ತಪ್ಪುತ್ತೆ? ಇನ್ನೂ ಎರಡು ಸಾಲು ಓದಿ, ಹದಿನೈದನೇ ಕಲಮು. ಬರೆದು ಕೊಟ್ಟ ಮಾತನ್ನ, ಆಟಗಾರ ಸಿಗದೆ ಹೋದ್ರೂ, ಹಿಂದಕ್ಕೆ ತಗೊಳ್ಳೋ ಹಾಗಿಲ್ಲ ಅಂತ ನೀವೇ ಹಾಕಿದೀರ. ಅವಧಿ ಬರೆದಿಲ್ಲ ಅಂದ್ರೆ ನಿವೃತ್ತಿವರೆಗೂ ಅಂತಲೂ ಇದೆ."

ಸುಧೀಂದ್ರ ಓದಿದ. ಇತ್ತು.

ಸೆಪ್ಟೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಅವನು ಅಡಿಗೆಮನೆಯ ಸಿಂಕಿನ ಮುಂದೆ ತಳ ಹಿಡಿದ ಕುಕ್ಕರನ್ನು ಉಜ್ಜುತ್ತಿದ್ದ. ಹಾಲಿನಿಂದ ಅಮ್ಮ ಮಗಳ ಕಿರುಚಾಟ ಕೇಳಿತು. ಮಾರ್ಕೆಲ್ ಎಂಬತ್ತು ಗಜ ಓಡಿ, ಚೆಂಡನ್ನು ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ್ದ. ಸುಧೀಂದ್ರ ನೊರೆಗೈಯಲ್ಲೇ ಓಡಿಬಂದು, "ನಾನು ಹೇಳಿರಲಿಲ್ವಾ? ನಾನು ಹೇಳಿರಲಿಲ್ವಾ?" ಎಂದು ಕುಣಿದ. ಆ ಗಳಿಗೆಯಲ್ಲಿ ಅವನಿಗಾದ ಸಂತೋಷಕ್ಕೆ ಪಾರವೇ ಇರಲಿಲ್ಲ.

"ಹೇಳಿದ್ರಿ ಹೇಳಿದ್ರಿ" ಎಂದಳು ಶ್ರೀವಿದ್ಯಾ ಟಿವಿಯಿಂದ ಕಣ್ಣು ತೆಗೆಯದೆ, ಖಾಲಿ ಕಾಫಿ ಲೋಟವನ್ನು ಅವನ ಕೈಗಿಡುತ್ತ. "ಅಂದ ಹಾಗೆ, ನಿಮ್ಮ ಹ್ಯಾಂಕು ಬೆಳಿಗ್ಗೆ ನಿವೃತ್ತಿ ಆದ್ನಂತೆ. ನಿಮ್ಮ ನಿವೃತ್ತಿ ಯಾವಾಗ ಅಂತ ಮಾತ್ರ ಕೇಳ್ಬೇಡಿ."