ತೊಯ್ಸೀನಿ, ಬರ್ರಿ!

ಮೊರದ ತುಂಬ ಒಣಮೆಣಸಿನಕಾಯಿ ಸುರುವಿಕೊಂಡು ತೊಟ್ಟು ಮುರಿಯುತ್ತ ಕೂತಿದ್ದೆ. ಕೈ ಉರಿಯುತ್ತಿತ್ತು, ಮೂಗು ಸೋರುತ್ತಿತ್ತು. ಅಂಥಾ ಹೊತ್ತಿಗೇ ಫೋನು ಬಡಿದುಕೊಳ್ಳಬೇಕೆ! ಖಾರದ ಕೈಯಲ್ಲಿ ಎತ್ತಲಾರದೆ ಮೊಣಕೈಯಿಂದ ಒತ್ತಿದೆ. ನಮ್ಮ ಯಜಮಾನರು.

"ಮಾವ ಅಟ್ಟದ ಮ್ಯಾಲಿಂದ ದೊಡ್ಡ ಬಾಣಲಿ ಇಳಿಸಾಕ ಹೋಗಿ ಬಿದ್ದಾರ. ಬಲಗೈ ಮಣಿಕಟ್ಟು ಮುರದೈತಿ. ದವಾಖಾನ್ಯಾಗ ಪಟ್ಟಿ ಹಾಕಾಕ ಹತ್ಯಾರ."

"ಶಿವಾ!" ಅಂದೆ. ತಲೆಗೆ ಪೆಟ್ಟಾಗಿಲ್ಲವಂತೆ, ಅದೊಂದು ಪುಣ್ಯ. ಸೊಂಟ ನೆಟ್ಟಗಿದೆಯಂತೆ, ಅದೂ ಪುಣ್ಯ. ಮುಂದಿನದನ್ನು ಎಣಿಸುವಷ್ಟರಲ್ಲಿ ಫೋನಿನ ಹಿಂದಿನಿಂದ ಮಾವನ ದನಿಯೇ ಕೇಳಿಸಿತು: "ಆಕಿಗೆ ಹೇಳಲೇ, ಬಾಣಲಿ ಸೊಟ್ಟ ಆಗೇತೇನು ನೋಡಂತ!"

ಇಂಥಾ ಮನುಷ್ಯರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಬಳ್ಳಾರಿಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡುವವರಿಗೆ ಬರವಿಲ್ಲ. ಓಣಿಗೊಂದು ಬಂಡಿ ಇದೆ. ಆದರೆ ತಿನ್ನುವವರನ್ನು ಒಂದು ಮಾತು ಕೇಳದೆ ಚೀಲದ ಮಂಡಕ್ಕಿ ನೀರಿಗೆ ಹಾಕಿ, ಆಮೇಲೆ ತಿನ್ನುವವರನ್ನು ಹುಡುಕಿಕೊಂಡು ಬೀದಿಗೆ ಓಡುವವರು ಜಗತ್ತಿಗೆಲ್ಲ ಇವರೊಬ್ಬರೇ. ಬೇಕಾದರೆ ಪಂಥ ಕಟ್ಟುತ್ತೇನೆ!

ಮಾವ ಅಂದರೆ ನಮ್ಮ ಯಜಮಾನರ ಸೋದರಮಾವ. ಹುಟ್ಟಿದ್ದು ದೇಶನೂರು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬದುಕೆಲ್ಲ ದುಡಿದರು. ಅವರ ಹೆಂಡತಿ, ನಮ್ಮತ್ತೆ, ತೀರಿಕೊಂಡ ಮೇಲೆ ಪಾರ್ವತಿನಗರದ ನಮ್ಮ ಮನೆಯ ಕೆಳಗಿನ ಭಾಗಕ್ಕೆ ಬಂದರು. ಓಣಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು 'ಮಾವ'ನೇ.

ಐತವಾರ ಸಂಜೆ ನೋಡಬೇಕು ಅವರ ಸಂಭ್ರಮ. ಪಡಸಾಲೆಯಲ್ಲಿ ಹಂಡೆಯಂಥ ತಗಡಿನ ಬುಟ್ಟಿ. ಅದರ ತುಂಬ ಮಂಡಕ್ಕಿ. ಮೇಲೆ ನೀರು. ಅದು ತೋಯುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಹಿಂಡಿ ತೆಗೆದು, ಪುಟಾಣಿ ಕಡಲೆ ಪುಡಿ ಉದುರಿಸಿ, ಉಳ್ಳಾಗಡ್ಡಿ ಮೆಣಸಿನಕಾಯಿ ಒಗ್ಗರಣೆಗೆ ಬಿಸಿಬಿಸಿ ಕಲಸಿದ ಕೂಡಲೇ, ಕರಿದ ಮಿರ್ಚಿ ಬಜ್ಜಿಯ ಜೊತೆ ತಿನ್ನಬೇಕು. ಕಾದು ಕೂತರೆ ಅದು ಮಂಡಕ್ಕಿಯೂ ಅಲ್ಲ, ಮುದ್ದೆಯೂ ಅಲ್ಲ. ನೀರು ಹಾಕಿದ ಕ್ಷಣವೇ ಮಾವ ಗೇಟಿಗೆ ಬಂದು ಕೂಗುತ್ತಾರೆ: "ತೊಯ್ಸೀನಿ, ಬರ್ರಿ!"

ಬರದೇ ಮಾಡುವುದೇನು? ಅನ್ನದ ದೇವರು ಅಲ್ಲಿ ನೀರಲ್ಲಿ ಕೂತುಬಿಟ್ಟಿದ್ದಾನೆ! ನಮ್ಮ ಯಜಮಾನರು ಒಮ್ಮೆ ಅರ್ಧ ಗಡ್ಡ ಬೋಳಿಸಿಕೊಂಡೇ ಇಳಿದು ಹೋದರು. ಉಳಿದರ್ಧ ಗಡ್ಡಕ್ಕೆ ಮಿರ್ಚಿ ಎಣ್ಣೆ ಮೆತ್ತಿಕೊಂಡು ಬಂದರು.

"ಮೊದ್ಲ ಕೇಳಿ ಆಮ್ಯಾಲೆ ತೊಯ್ಸಿದ್ರ ಆಗಂಗಿಲ್ಲೇನು ಮಾವ?" ಅಂತ ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಬೇರೆ ಉತ್ತರ. ಒಮ್ಮೆ "ಮಂಡಾಳಿಗೆ ಅವಸರ ಐತವಾ" ಅಂದರು, ಮಂಡಕ್ಕಿಗೆ ಅವರು ಅನ್ನುವುದು ಹಾಗೆ. ಇನ್ನೊಮ್ಮೆ "ಗಿರಣ್ಯಾಗ ಭತ್ತಾನೂ ನಾವು ಕೇಳಿ ನೆನಿಸ್ತಿದ್ದಿಲ್ಲ" ಅಂದರು. ಕುರುಗೋಡಿನಲ್ಲಿರುವ ಅವರ ತಂಗಿಯನ್ನು ವಿಚಾರಿಸಿದೆ. ದೊಡ್ಡ ಬಸವಣ್ಣನ ಗುಡಿಗೆ ಹೋದಾಗಲೆಲ್ಲ ನಾನು ಅವರ ಮನೆಯಲ್ಲೇ ಇಳಿಯುವುದು. ಆಕೆ ನಕ್ಕು, "ಮೊದ್ಲ ಹಿಂಗ ಇದ್ದಿಲ್ಲವಾ ನಮ್ಮಣ್ಣ. ಒಂದು ಗ್ಲಾಸು ನೀರು ಕೇಳಾಕೂ ನಾಚ್ತಿದ್ದ" ಅಂದರು. ನನಗೆ ಇನ್ನಷ್ಟು ಕುತೂಹಲ! ನಾಚುವ ಮನುಷ್ಯ ಗೇಟಿಗೆ ಬಂದು ಕೂಗುವಂತಾದದ್ದು ಹೇಗೆ?

ಎದುರು ಮನೆಯಲ್ಲಿ ಒಬ್ಬ ಶಿರಸ್ತೇದಾರರಿದ್ದಾರೆ. ನೌಕರಿಯಿಂದ ನಿವೃತ್ತರು, ಕಚೇರಿ ಭಾಷೆಯಿಂದ ಅಲ್ಲ. ಮೊದಲ ಐತವಾರ ಅವರು ಬಂದದ್ದು ತಿನ್ನಲಿಕ್ಕಲ್ಲ, ತಕರಾರಿಗೆ. ಕರಿದೆಣ್ಣೆಯ ವಾಸನೆ ತಮ್ಮ ಪಡಸಾಲೆಗೆ ಬರುತ್ತಿದೆಯಂತೆ.

ಮಾವ ಸೌಟು ಹಿಡಿದೇ ಕೇಳಿದರು: "ಬರೇ ವಾಸನಿ ಬಂತೇನ್ರಿ? ಮಿರ್ಚಿ ಬರಲಿಲ್ಲಾ? ತಪ್ಪಾತು, ತಗೋರಿ."

"ನನಗೆ ಬಿಪಿ ಇದೆ."

"ಅವರನ್ನೂ ಕರ್ಕೊಂಡು ಬರ್ರಿ ಸಾಹೇಬ್ರ, ಇನ್ನೊಂದು ತಾಟು ಹಾಕ್ತೀನಿ!"

ಓಣಿಗೆ ಓಣಿಯೇ ನಕ್ಕಿತು. ಶಿರಸ್ತೇದಾರರು ನಗಲಿಲ್ಲ. ಆದರೆ ಮಿರ್ಚಿ ಬಿಡಲೂ ಇಲ್ಲ. ಅಂದಿನಿಂದ ಪ್ರತಿ ವಾರ ಬರುತ್ತಾರೆ, ತಮ್ಮದೇ ಕುರ್ಚಿ ತಂದು, ಎಲ್ಲರಿಂದ ಎರಡು ಮಾರು ದೂರ ಹಾಕಿಕೊಂಡು ಕೂರುತ್ತಾರೆ. ಯಾರಾದರೂ ಮಾತಾಡಿಸಿದರೆ "ಹೂಂ". ಎರಡು ಸಲ ಮಾತಾಡಿಸಿದರೆ "ಪರಿಶೀಲಿಸೋಣ".

ಆಮೇಲೆ ಮೂಲೆ ಮನೆಗೆ ಶಾಹೀನಾ ಬಂದಳು. ಗಂಡ ಗೇಟು ಕಿಟಕಿ ವೆಲ್ಡಿಂಗ್ ಮಾಡುವವನು. ಹೊಸ ಮನೆ, ಹೊಸ ಓಣಿ, ಬಾಗಿಲು ಅರ್ಧ ತೆರೆದು ಅರ್ಧ ಮುಖ ತೋರಿಸುವ ಹುಡುಗಿ. ಮಾವ ಎಂದಿನಂತೆ ತೋಯಿಸಿ, ಓಡಿ ಹೋಗಿ ಕರೆದರು. ಆಕೆ ಮೆಲ್ಲಗೆ, "ರೋಜಾ ಐತ್ರಿ ಮಾವ" ಅಂದಳು. ರಂಜಾನ್ ತಿಂಗಳು ಅನ್ನುವುದೇ ಇವರಿಗೆ ಮರೆತುಹೋಗಿದೆ! ಪೆಚ್ಚಾಗಿ ಮರಳಿದರು. ಮುಂದಿನ ಐತವಾರ ಸೂರ್ಯ ಮುಳುಗಲು ಬಂದರೂ ನೀರಿಗೆ ಮಂಡಕ್ಕಿ ಬಿದ್ದಿಲ್ಲ. ಮಿರ್ಚಿ ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, ಎಲ್ಲರನ್ನೂ ಸಾಲಾಗಿ ಕೂರಿಸಿ, ಮಾವ ಮಸೀದಿಯ ಕಡೆ ಕಿವಿ ಕೊಟ್ಟು ನಿಂತಿದ್ದಾರೆ. ಎಲ್ಲರ ಬಾಯಲ್ಲೂ ನೀರೂರುತ್ತಿದೆ. ಶಿರಸ್ತೇದಾರರು ಗಡಿಯಾರ ನೋಡಿ ನೋಡಿ ಕಡೆಗೆ ಕೇಳಿದರು: "ಅಲ್ಲಾ, ನಾನು ಯಾವ ವ್ರತದಲ್ಲಿ ಇದ್ದೇನೆ ಅಂತ ತಿಳಿಯಬಹುದೇ?"

ಅಜಾನ್ ಕೇಳಿತು. ಶಾಹೀನಾ ಖರ್ಜೂರದ ತಟ್ಟೆ ಹಿಡಿದು ಪೂರ್ತಿ ಬಾಗಿಲು ತೆರೆದು ಬಂದಳು. ನಾನು ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಆತನೇನು ಬೇಡ ಅಂದನೇ?

ಇದರಿಂದ ಏನಾಯಿತು ಅಂತ ನನ್ನಂಥ ಅಡುಗೆ ಮನೆಯವಳನ್ನು ಕೇಳಿ. ಮೊದಲು ನಮಗೆ ಓಣಿಯವರು ಗೊತ್ತಿದ್ದದ್ದು ಗಾಡಿಯ ಸದ್ದಿನಿಂದ. ಈಗ ಗ್ಯಾಸು ಮುಗಿದರೆ ಯಾರ ಬಾಗಿಲು ತಟ್ಟಲಿ ಅಂತ ಯೋಚಿಸುವುದಿಲ್ಲ. ಹೋದ ಬೇಸಿಗೆಯಲ್ಲಿ ನನಗೆ ಚಳಿಜ್ವರ ಬಂದಾಗ ಶಾಹೀನಾ ಗಂಜಿ ತಂದಳು. ಮೇಲಿನ ಮನೆಯ ತೆಲುಗಿನ ಅಜ್ಜಿ "ಏಮ್ಮಾ, ಎಟ್ಲ ಉನ್ನಾವು?" ಅಂತ ಆರೋಗ್ಯ ಕೇಳುತ್ತ ಹಣೆ ಮುಟ್ಟಿ ನೋಡಿದರು. ಸಣ್ಣ ಸಣ್ಣ ಪುಣ್ಯಗಳು. ಆದರೆ ಜ್ವರದವಳಿಗೆ ಗಂಜಿಯೇ ದೊಡ್ಡದು.

ಹೀಗಿರುವಾಗ ಮಾವನ ಕೈ ಮುರಿಯಿತು. ಅದೂ ಶುಕ್ರವಾರ.

ಶನಿವಾರ ಮಧ್ಯಾಹ್ನ ಅವರಿಗೆ ಅನ್ನ ಸಾರು ಕೊಡಲು ಕೆಳಗಿಳಿದೆ. ಕೈಗೆ ಬಿಳಿ ಪಟ್ಟಿ, ಕೊರಳಿಗೆ ತೂಗುಹಾಕಿದ ಬಟ್ಟೆ. ಗೋಡೆಗೆ ಮುಖ ಮಾಡಿ ಮಲಗಿದ್ದರು. ನೋವು ಅಂದುಕೊಂಡೆ.

"ಈ ಐತವಾರ ತಪ್ಪಿತಲ್ಲವಾ," ಅಂದರು.

"ಒಂದು ವಾರ ತಪ್ಪಿದ್ರ ಏನಾತು ಮಾವ? ಕೈ ಕೂಡಿದ ಮ್ಯಾಲೆ ಮಾಡೀರಂತ."

"ನಿನಗ ಗೊತ್ತಾಗಂಗಿಲ್ಲ. ಸಿಟಿ ಮಂದಿಗೆ ಒಂದು ವಾರ ಬಿಡುವು ಸಿಕ್ಕರ ಆ ಬಿಡುವು ರುಚಿ ಹತ್ತತೈತಿ. ಮುಂದಿನ ವಾರ ನಾ ಕೂಗಿದ್ರ 'ಕೆಲಸ ಐತ್ರಿ' ಅಂತಾರ. ಮುಗೀತು."

ನಾನು ತಾಟು ಹಿಡಿದುಕೊಂಡೇ ನಿಂತೆ. ಕೇಳದೆಯೇ ಅವರು ಹೇಳತೊಡಗಿದರು. ಸಿರುಗುಪ್ಪ ಬಿಟ್ಟು ಬಳ್ಳಾರಿಗೆ ಬಂದಾಗ ಗಂಡ ಹೆಂಡತಿ ಮೊದಲು ಬೇರೊಂದು ಬಡಾವಣೆಯಲ್ಲಿದ್ದರು. ಗಿರಣಿಯಲ್ಲಿ ಬುತ್ತಿ ಬಿಚ್ಚಿದರೆ ಹತ್ತು ಕೈ ಬರುತ್ತಿದ್ದವು. ಇಲ್ಲಿ ಗೋಡೆಯಾಚೆ ಯಾರಿದ್ದಾರೆ ಅಂತಲೂ ಗೊತ್ತಿಲ್ಲ. ಅತ್ತೆಗೆ ಬೇಸರ. ಒಂದು ಐತವಾರ ಎಲ್ಲರನ್ನೂ ಮಂಡಾಳಿಗೆ ಕರೆಯೋಣ ಅಂದರಂತೆ. ಮಾವ ನಾಚಿಕೆ ಬಿಟ್ಟು ಮನೆಮನೆಗೆ ಹೋಗಿ, ಬಿಡುವಿದೆಯೇ ಅಂತ ಕೇಳಿದರಂತೆ. ಎಲ್ಲರೂ ನಗುನಗುತ್ತಲೇ, "ನೋಡೋಣ್ರಿ, ಬರ್ತೀವಿ" ಅಂದರಂತೆ.

"ನಿಮ್ಮತ್ತಿ ಇಲಕಲ್ ಸೀರಿ ಉಟ್ಟು ಹೊಸ್ತಿಲದಾಗ ಕುಂತಿದ್ಲು. ಮಿರ್ಚಿ ಆರಿ ಹೋದ್ವು. ಒಬ್ಬರೂ ಬರಲಿಲ್ಲ. ಕಡೀಕ ಬೀದ್ಯಾಗಿನ ಎಮ್ಮಿಗೆ ಹಾಕಿದ್ವಿ. ಆಕಿ ಅಳಲಿಲ್ಲ ಮತ್ತ! 'ತಪ್ಪು ನಿಮ್ದರೀ, ಯಾಕ ಕೇಳಾಕ ಹೋದ್ರಿ? ಕೇಳಿದ್ರ ಮಂದಿ ಬಿಡುವು ಹುಡುಕ್ತಾರ. ತೊಯ್ಸಿಬಿಡ್ರಿ, ಆಮ್ಯಾಲೆ ಕೂಗ್ರಿ' ಅಂದ್ಲು. ಆಮ್ಯಾಲೆ ಆಕಿಗೆ ಜಡ್ಡು. ಒಂದು ಸಲಾನೂ ಹಂಗ ಮಾಡಿ ನೋಡಾಕ ಆಗಲಿಲ್ಲ."

ಇಷ್ಟು ಹೇಳಿ ಮಾವ ಮತ್ತೆ ಗೋಡೆಗೆ ತಿರುಗಿದರು. ನನ್ನ ಇಷ್ಟು ವರ್ಷಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಾರು ಆರಿಹೋಗಿತ್ತು.

ಐತವಾರ ಮಧ್ಯಾಹ್ನ ನಾನು ಒಂದು ನಿರ್ಧಾರಕ್ಕೆ ಬಂದೆ. ಯಜಮಾನರಿಗೂ ಹೇಳದೆ ಅಂಗಡಿಯಿಂದ ಮಂಡಕ್ಕಿ ತರಿಸಿದೆ. ಓಣಿಯವರನ್ನು ಕೇಳಲೇ ಅಂತ ಒಮ್ಮೆ ಅನ್ನಿಸಿತು. ಬೇಡ, ಅತ್ತೆಯ ಮಾತು! ಬಸವಣ್ಣನ ಹೆಸರು ಹೇಳಿ ಬುಟ್ಟಿಗೆ ನೀರು ಸುರುವಿಬಿಟ್ಟೆ. ಈಗ ಕೂಗಬೇಕು. ಆದರೆ ಬಾಲ್ಕನಿಗೆ ಬಂದು ಬಾಯಿ ತೆರೆದರೆ ದನಿಯೇ ಹೊರಡದು. ಹುಟ್ಟಿದಾಗಿನಿಂದ ನಾನು ಬೀದಿಯಲ್ಲಿ ಕೂಗಿದವಳೇ ಅಲ್ಲ. ಯಾರೂ ಬರದಿದ್ದರೆ? ಕೆಳಗೆ ಮಲಗಿದವರಿಗೆ ಅದೂ ಕೇಳಿಸುತ್ತದಲ್ಲ!

ಅಷ್ಟರಲ್ಲಿ ಮೂಲೆಯಿಂದ ಶಾಹೀನಾ ಕೂಗಿದಳು: "ಅಕ್ಕಾ, ತೊಯ್ಸೀನಿ, ಬರ್ರಿ!"

ಅರೆ! "ನಾನೂ ತೊಯ್ಸೀನಲ್ಲೇ!" ಅಂದೆ. ಮೇಲಿನಿಂದ ತೆಲುಗಿನ ಅಜ್ಜಿ ಬಗ್ಗಿ, "ನೇನೂ ತೊಯ್ಸೀನಮ್ಮಾ!" ಅಂದರು. ಅವರ ಪಕ್ಕದ ಮನೆಯವರು ಒದ್ದೆ ಕೈಯಲ್ಲೇ ಹೊರಗೆ ಬಂದರು. ಒಬ್ಬರನ್ನೊಬ್ಬರು ಕೇಳದೆ ಓಣಿಯ ಎಲ್ಲ ಮನೆಗಳಲ್ಲೂ ಮಂಡಕ್ಕಿ ನೀರಿಗೆ ಬಿದ್ದಿತ್ತು! ಇಂಥಾ ಹುಚ್ಚು ಬೇರೆ ಯಾವ ಊರಲ್ಲಿ ನಡೆದೀತು?

ನಾವು ತಲೆ ಮೇಲೆ ಕೈ ಹೊತ್ತು ನಿಂತಿರುವಾಗಲೇ ಎದುರಿನ ಗೇಟು ಕಿರ್ರೆಂದಿತು. ಶಿರಸ್ತೇದಾರರು, ಮೊಣಕೈವರೆಗೂ ಅಂಗಿ ಮಡಚಿ, ಕೆಮ್ಮಿ, ಇಡೀ ಓಣಿಗೆ ಕೇಳುವಂತೆ ಘೋಷಿಸಿದರು: "ಮಂಡಕ್ಕಿಯನ್ನು ತೋಯಿಸಲಾಗಿದೆ! ಸಂಬಂಧಪಟ್ಟವರೆಲ್ಲರೂ ಬರತಕ್ಕದ್ದು!"

ಅವರದನ್ನು ಹೋಗಿ ನೋಡಿದರೆ ಅಂಟು. ತೋಯಿಸಿದ್ದನ್ನು ಹಿಂಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗಡಿಯಾರ ನೋಡಿಕೊಂಡು ಅರ್ಧ ಗಂಟೆ ನೆನೆಹಾಕಿದ್ದರು. "ಗೋಡಿಗೆ ಪೋಸ್ಟರ್ ಹಚ್ಚಾಕ ಭೇಷ್ ಆಗತೈತ್ರಿ ಸಾಹೇಬ್ರ," ಅಂದಳು ಶಾಹೀನಾ. ಅವರು ಮೊದಲ ಬಾರಿಗೆ ನಕ್ಕರು.

ಇಷ್ಟೂ ಮಂಡಕ್ಕಿ ತಿನ್ನುವವರ್ಯಾರು? ಯಜಮಾನರು ಪಕ್ಕದ ಓಣಿಗೂ, ಅದರಾಚೆಯ ಓಣಿಗೂ ಓಡಿದರು. ಮುಖ ಗೊತ್ತಿಲ್ಲದ ಮಂದಿಯೆಲ್ಲ ತಾಟು ಹಿಡಿದು ಬಂದರು. ಬೀದಿಯ ಉದ್ದಕ್ಕೂ ಚಾಪೆ. ಸೊಟ್ಟಾದ ಬಾಣಲೆಯಲ್ಲೇ ಮಿರ್ಚಿ ಕುಣಿಯತೊಡಗಿದವು.

ಸದ್ದಿಗೆ ಮಾವ ಎದ್ದು ಬಾಗಿಲಿಗೆ ಬಂದಿದ್ದರು. ಕಂಬ ಹಿಡಿದು, ಓಣಿಯ ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದರು. ಕರೆತಂದು ನಡುವೆ ಕೂರಿಸಿದೆವು. ಮುಂದೆ ತಾಟು ಇಟ್ಟೆ. ಬಲಗೈ ಪಟ್ಟಿಯಲ್ಲಿ, ಎಡಗೈಯಲ್ಲಿ ಉಣ್ಣುವ ಮನುಷ್ಯ ಅಲ್ಲ. "ನೀವು ತಿನ್ರಿ, ನಾ ಆಮ್ಯಾಲೆ ನೋಡ್ತೀನಿ," ಅಂದರು.

ಶಿರಸ್ತೇದಾರರು ಕುರ್ಚಿ ಬಿಟ್ಟು ಎದ್ದರು. ಕೈ ತೊಳೆದು ಬಂದು, ಪಂಚೆ ಮೇಲೆತ್ತಿಕೊಂಡು ಚಾಪೆಯ ಮೇಲೆ ಮಾವನ ಎದುರು ಕೂತರು. ಒಂದು ಹಿಡಿ ತೆಗೆದು ಮಾವನ ಬಾಯಿಗೆ ಹಿಡಿದರು. ಅಭ್ಯಾಸವಿಲ್ಲದ ಕೈ. ಅರ್ಧ ಮೀಸೆಗೆ ಹೋಯಿತು. ಮಾವ ಅಗಿದರು, ಅಗಿದರು, ನುಂಗಲೇ ಇಲ್ಲ. ಕಣ್ಣು ತುಂಬಿದ್ದು ಕಂಡು ನಾನು ಗಾಬರಿಯಾದೆ.

"ಖಾರ ಆತೇನು ಮಾವ?"

ತಲೆ ಅಲ್ಲಾಡಿಸಿದರು. "ಈ ಊರಿಗೆ ಬಂದಮ್ಯಾಲೆ ನನ್ನ ಯಾರೂ ಉಣ್ಣಾಕ ಕೂಗಿದ್ದಿಲ್ಲವಾ," ಅಂದರು. "ಇವತ್ತ ಕೂಗಿದ್ರಿ."

ಶಿರಸ್ತೇದಾರರು ಇನ್ನೊಂದು ತುತ್ತು, ಈ ಸಲ ಚಿಕ್ಕದು, ಹುಷಾರಾಗಿ ಎತ್ತಿದರು.

ಅಷ್ಟರಲ್ಲಿ ಯಾರೋ "ನಳ ಬಂತು!" ಅಂದರು. ವಾರಕ್ಕೊಮ್ಮೆ ಬರುವ ನೀರು, ಕಾಯುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ತೊಳೆಯಲು ಒಳಗೆ ಹೋದೆ.