ದೊರೆಸ್ವಾಮಿ ಮೇಷ್ಟ್ರ ಆಟೋಮ್ಯಾಟಿಕ್ ಡಬ್ಬ

"ನಾಳೆಯಿಂದ ಈ ಮನೇಲಿ ಕರೆಂಟು ಹೋಗೋ ಮಾತೇ ಇಲ್ಲ!"

ಚಾಮರಾಜಪೇಟೆಯ ವಿಜ್ಞಾನದ ಮೇಷ್ಟ್ರು ದೊರೆಸ್ವಾಮಿ ಹೀಗೆ ಘೋಷಿಸಿದಾಗ ಹೆಂಡತಿ ದಾಕ್ಷಾಯಣಮ್ಮ ಉದ್ದಿನಬೇಳೆ ಆರಿಸುತ್ತಿದ್ದರು. "ನಾಳೆ ಬೀಗರು ಊಟಕ್ಕೆ ಬರ್ತಿದಾರೆ. ವಡೆಗೆ ರುಬ್ಬೋವಷ್ಟು ಹೊತ್ತು ಇದ್ರೆ ಸಾಕು ಕಣ್ರೀ" ಎಂದರು.

ಆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಕರೆಂಟಿಗೆ ರಜೆ. ಹಾಗಾಗಿ ಮೇಷ್ಟ್ರು ಪುಟ್ಟ ಜನರೇಟರ್ ತಂದಿದ್ದರು. ಕಂಬದ ಕರೆಂಟೂ ಜನರೇಟರ್ ಕರೆಂಟೂ ಒಂದೇ ತಂತಿಗೆ ನುಗ್ಗಿದರೆ ಅನಾಹುತ! ಅದಕ್ಕೆಂದು ಎಲೆಕ್ಟ್ರಿಷಿಯನ್ ಶೀನಣ್ಣ, ಎರಡರಲ್ಲಿ ಒಂದನ್ನು ಮಾತ್ರ ಒಳಗೆ ಬಿಡುವ, ಕೈಯಲ್ಲಿ ತಿರುಗಿಸುವ ಸ್ವಿಚ್ ತೋರಿಸಿದ.

"ತಿರುಗಿಸೋಕೆ ಇದೇನು ರಾಗಿ ಕಲ್ಲಾ? ಆಟೋಮ್ಯಾಟಿಕ್ಕೇ ಬೇಕು!"

ಶೀನಣ್ಣ ಎಲ್ಲೆಲ್ಲೋ ಹುಡುಕಿ, ಸಿನಿಮಾ ನಟರು ಮೇಕಪ್ ಮಾಡಿಕೊಳ್ಳುವ ವ್ಯಾನಿನಿಂದ ಕಳಚಿದ ಆಟೋಮ್ಯಾಟಿಕ್ ಸ್ವಿಚ್ಚಿನ ಡಬ್ಬವೊಂದನ್ನು ತಂದು ಗೋಡೆಗೆ ಜಡಿದ. ವಿವರಿಸಲು ಬಾಯಿ ತೆರೆದವನನ್ನು ಮೇಷ್ಟ್ರು, "ಇಪ್ಪತ್ತೆಂಟು ವರ್ಷದಿಂದ ವಿದ್ಯುತ್ ಪಾಠ ಮಾಡ್ತಿದೀನಪ್ಪಾ" ಎಂದು ಸಾಗಹಾಕಿದರು.

ಮರುದಿನ ಭಾನುವಾರ, ಎಂಟಕ್ಕೆ ಸರಿಯಾಗಿ ಕರೆಂಟು ಹೋಯಿತು. ಮೇಷ್ಟ್ರು ಹಗ್ಗ ಎಳೆದರು. ಜನರೇಟರ್ ಗುಡುಗಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಡಬ್ಬದೊಳಗೆ 'ಟಕ್!' ಫ್ಯಾನು ತಿರುಗಿತು, ಮೇಷ್ಟ್ರ ಮೀಸೆಯೂ ತಿರುಗಿತು.

"ಗ್ರೈಂಡರ್ ಮಾತ್ರ ಹಾಕ್ಬೇಡ. ಈ ಜನರೇಟರ್ ತಡೆಯಲ್ಲ. ಕಂಬದ ಕರೆಂಟು ಬಂದ ತಕ್ಷಣ ಡಬ್ಬ ತಾನೇ ಬದಲಾಯಿಸುತ್ತೆ."

ಒಂಬತ್ತಾಯಿತು, ಹತ್ತಾಯಿತು, ಡಬ್ಬ ತುಟಿಪಿಟಕ್ಕೆನ್ನಲಿಲ್ಲ.

"ರೀ, ಎದುರುಮನೆ ಅಲಮೇಲು ಗ್ರೈಂಡರ್ ಓಡ್ತಿದೆ!"

"ಅವರದು ಬೇರೆ ಫೇಸ್ ಕಣೇ."

"ಪಕ್ಕದ ಮನೇಲಿ ಟೀವಿ!"

"ಅದು ಇನ್ನೊಂದು ಫೇಸ್."

"ಬೀದಿಗೆಲ್ಲ ಬಂದಿದೆ, ನಿಮ್ಮ ಫೇಸ್ ಒಂದೇ ಬಾಕಿ!"

ಮೇಷ್ಟ್ರು ಜಗ್ಗಲಿಲ್ಲ. ಜನರೇಟರ್ ಕೆಮ್ಮಿದಾಗ ಅಡುಗೆಮನೆಯ ಸೀಮೆಎಣ್ಣೆಯನ್ನೇ ಸುರಿದರು. ಹನ್ನೊಂದೂವರೆಗೆ ಬೀಗರು ಗೇಟು ತೆರೆದರು. ಉದ್ದಿನಬೇಳೆ ಇನ್ನೂ ನೀರಿನಲ್ಲೇ ಈಜುತ್ತಿತ್ತು. ದಾಕ್ಷಾಯಣಮ್ಮನ ಕಣ್ಣು ನೋಡಿ ಮೇಷ್ಟ್ರು ಸ್ಕೂಟರ್ ಏರಿ ಶೀನಣ್ಣನನ್ನು ಹೊತ್ತು ತಂದರು.

ಶೀನಣ್ಣ ಡಬ್ಬ ಮುಟ್ಟಲೇ ಇಲ್ಲ. ನೆಟ್ಟಗೆ ಹೋಗಿ ಜನರೇಟರ್ ಆರಿಸಿದ.

'ಟಕ್!' ಮನೆಯೆಲ್ಲ ಝಗ್ಗೆಂದಿತು.

"ಮೇಷ್ಟ್ರೇ, ಒಂಬತ್ತಕ್ಕೇ ಕರೆಂಟು ಬಂದು ಬಾಗಿಲಲ್ಲಿ ಕಾಯ್ತಾ ಇತ್ತು. ವ್ಯಾನಿನ ಡಬ್ಬ ನೋಡಿ, ಇದಕ್ಕೆ ಜನರೇಟರೇ ಮೊದಲು. ಅದು ಓಡ್ತಿದ್ರೆ ಕಂಬದ ಕಡೆ ತಿರುಗಿಯೂ ನೋಡಲ್ಲ. ಆಟೋಮ್ಯಾಟಿಕ್ಕು ಡಬ್ಬ ಮಾತ್ರ, ಜನರೇಟರ್ ಆರಿಸಬೇಕಾದ್ದು ನಾವೇ!"

ಬೀಗರು ಬಲು ಗಂಭೀರವಾಗಿ ಸೂರು ನೋಡಿದರು. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, "ಎಂಥಾ ದಡ್ಡ ಡಬ್ಬ ತಂದೆಯಯ್ಯಾ!" ಎಂದರು.

"ದಡ್ಡ ಯಾಕ್ರೀ?" ದಾಕ್ಷಾಯಣಮ್ಮ ಬೇಳೆಯನ್ನು ಗ್ರೈಂಡರಿಗೆ ಸುರಿಯುತ್ತಾ ಅಂದರು. "ಯಾರು ಜಾಸ್ತಿ ಗದ್ದಲ ಮಾಡ್ತಾರೋ ಅವರ ಮಾತೇ ಈ ಮನೇಲಿ ನಡೆಯೋದು ಅಂತ ಬಂದ ದಿನವೇ ತಿಳ್ಕೊಂಡಿದೆ. ನಂಗೆ ಆರು ತಿಂಗಳು ಹಿಡೀತು!"